ಛಾಯಾಳ ಫ್ರೆಗಾರ್

ಬೆಳಕು ಹರಿಯುವ ಮೊದಲು ಛಾಯಾ ಕಸ ಗುಡಿಸಿ, ನೀರು ತುಂಬಿ, ಸ್ನಾನ ಮುಗಿಸಿ, ಅತ್ತೆಯ ಲಿಂಗಪೂಜೆಗೆ ಅಣಿಮಾಡಿ, ಹದಿನಾಲ್ಕು ರೊಟ್ಟಿ ಬಡಿದು, ಗಂಡನ ಡಬ್ಬಿ ಕಟ್ಟಿ, ರಾತ್ರಿಯ ಭಾಂಡಿ ತಿಕ್ಕಿದ್ದಳು. ಮಿರಜಿನ ಈ ಅರಿಷಿಣ ವ್ಯಾಪಾರಿಗಳ ಮನೆಯಲ್ಲಿ ಇದಕ್ಕೆ ಕೆಲಸ ಎನ್ನುವುದಿಲ್ಲ. ಛಾಯಾ ಎದ್ದಿದ್ದಾಳೆ ಎನ್ನುತ್ತಾರೆ.

ಆ ದಿನ ಏಳೂವರೆಯ ಬಸ್ಸಿಗೆ ಅವಳು ಕೊಲ್ಹಾಪುರಕ್ಕೆ ಹೋಗಬೇಕಿತ್ತು, ಸ್ಪ್ಯಾನಿಶ್ ಮೌಖಿಕ ಪರೀಕ್ಷೆಗೆ. ಪಾಸಾದರೆ ಕುಪವಾಡದಲ್ಲಿ ಅರಿಷಿಣ ಹೊರದೇಶಕ್ಕೆ ಕಳಿಸುವ ಕಚೇರಿಯೊಂದರಲ್ಲಿ ನೌಕರಿ. ಪರೀಕ್ಷೆಯಲ್ಲಿ ಯಾವುದಾದರೊಂದು ಕ್ರಿಯಾಪದದ ಹುಟ್ಟು, ಅರ್ಥ ವಿವರಿಸಬೇಕು. ಅವಳು ಆರಿಸಿಕೊಂಡದ್ದು ‘ಫ್ರೆಗಾರ್’. ಲ್ಯಾಟಿನ್ನಿನಲ್ಲಿ ಅದು ‘ಫ್ರಿಕಾರೆ’, ಬರೀ ತಿಕ್ಕುವುದು. ಸ್ಪೇನಿನಲ್ಲಿ ಭಾಂಡಿ ತಿಕ್ಕುವುದಾಯಿತು. ಸಮುದ್ರ ದಾಟಿ ಮೆಕ್ಸಿಕೊ, ಪೆರುಗಳಲ್ಲಿ ಇನ್ನೊಬ್ಬರ ಜೀವ ತಿನ್ನುವುದೂ ಆಯಿತು. ಇಟಲಿಯವರ ‘ಫ್ರೆಗಾರೆ’ಗೆ ಮೋಸಮಾಡುವುದು ಎಂಬ ಅರ್ಥವೂ ಇದೆ. ಮೂರು ತಿಂಗಳು ಬಚ್ಚಲಲ್ಲಿ ಕೂತು, ಬೂದಿಗೈಯಲ್ಲೇ ಇಷ್ಟನ್ನು ಬಾಯಿಪಾಠ ಮಾಡಿದ್ದಳು.

ಆರೂವರೆಗೆ ಅತ್ತೆ ಕೃಷ್ಣವ್ವ ಹಿತ್ತಾಳೆ ಸಾಮಾನೆಲ್ಲ ತಂದು ಅವಳ ಮುಂದಿಟ್ಟಳು. ಕೊಡ, ತಂಬಿಗೆ, ಅಗಲ ಪರಾತ, ದೀಪದ ಎರಡು ಸಮೆ. ಮಧ್ಯಾಹ್ನ ಪ್ರಸಾದಕ್ಕೆ ಸ್ವಾಮಿಗಳು ಬರುತ್ತಾರಂತೆ. ಜಂಗಮರು ಬರುವ ದಿನ ಹಿತ್ತಾಳೆಯನ್ನು ಸೊಸೆಯೇ ತಿಕ್ಕಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ಮನೆಯ ಪದ್ಧತಿ. ಪರೀಕ್ಷೆಯ ತಾರೀಖು ಹದಿನೈದು ದಿನದಿಂದ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿತ್ತು. ಸ್ವಾಮಿಗಳಿಗೆ ಹೇಳಿಕಳಿಸಿದ್ದು ನಿನ್ನೆ.

"ನಾಳಿಗಿ ಕರೀಬಹುದಿತ್ತಲ್ಲರಿ, ಅತ್ತಿ."

"ಸ್ವಾಮ್ಯಾರು ನಿನ್ನ ಪುರಸತ್ತ ನೋಡಿ ಬರಬೇಕೇನ? ಆ ಪರದೇಶದ ಮಾತ ಕಲ್ತು ಯಾರ ಸಂಗಾಟ ಮಾತಾಡಾಕಿ ನೀ? ಕೊತ್ತಂಬರಿ ಮಾರಾಕಿ ಸಂಗಾಟೇನ?"

ಗಂಡ ಸುಭಾಷ ರೊಟ್ಟಿ ಮುರಿಯುತ್ತ ನಕ್ಕ. ಪರೀಕ್ಷೆ ಮುಂದಿನ ವರ್ಷವೂ ಇರುತ್ತದಲ್ಲ ಎಂದ. ಹೋದ ವರ್ಷವೂ ಅದನ್ನೇ ಅಂದಿದ್ದ.

ಛಾಯಾ ಕೂತು, ಸಾಮಾನಿಗೆಲ್ಲ ಹುಣಸೆಹಣ್ಣು ಮೆತ್ತಿದಳು. ಸುಭಾಷ ಅಂಗಡಿಗೆ ಹೋದ. ಕೃಷ್ಣವ್ವ ಪೂಜೆಗೆ ಕೂತು ಬಾಗಿಲು ಮುಂದೆ ಮಾಡಿಕೊಂಡಳು, ಇನ್ನು ಮುಕ್ಕಾಲು ಗಂಟೆ ಮಾತಿಲ್ಲ.

ಗಡಿಯಾರದಲ್ಲಿ ಏಳು. ತಿಕ್ಕಿ ಹೊಳೆಸಲು ತಾಸು ಬೇಕು. ಹುಣಸೆ ಹಾಗೇ ಒಣಗಿದರೆ ಹಿತ್ತಾಳೆಯ ಮೇಲೆ ಕರೀ ಕಲೆ ಕೂರುತ್ತದೆ, ಪ್ರಸಾದಕ್ಕೆ ಬಂದವರೆಲ್ಲ ನೋಡುತ್ತಾರೆ. ಬರೀ ನೀರು ಹಾಕಿ ತೊಳೆದಿಟ್ಟರೆ ಕಲೆಯಾಗದು. ಅದಕ್ಕೆ ಐದು ನಿಮಿಷ ಸಾಕು, ಆ ಐದು ನಿಮಿಷ ಅವಳ ಬಳಿ ಇದ್ದವು.

ಅವಳು ನಳ ಬಿಟ್ಟಳು. ಮೊಣಕೈವರೆಗೆ ತನ್ನ ಎರಡು ಕೈಗಳನ್ನಷ್ಟೇ ತೊಳೆದುಕೊಂಡು, ನಳ ಬಂದ್ ಮಾಡಿ, ಚಪ್ಪಲಿ ಮೆಟ್ಟಿದಳು.