ಬಸುರಿ ಹೊಲಕ್ಕೆ ಕೇಳಿದ ಪ್ರಶ್ನೆ

ನಮ್ಮ ಶಾಲೆಯ ವಿಜ್ಞಾನ ಟೀಚರ್ ಮೇಲೆ ನನಗೆ ಮೊದಮೊದಲು ಸಿಟ್ಟೇ ಇತ್ತು. ನಾನು ಕನ್ನಡ ಮಾಸ್ತರ, ಉಪಮೆ ರೂಪಕ ಅಂದರೆ ಪ್ರಾಣ. ಅವರೋ, ಮಕ್ಕಳು ಏನು ಹೇಳಿದರೂ "ಅದ್ಹೆಂಗ? ತೋರ್ಸು" ಅನ್ನುವವರು. ಚಂದ್ರನಂಥ ಮುಖ ಅಂದರೆ ಮುಖದಲ್ಲಿ ಕುಳಿ ಹುಡುಕುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಛೇಡಿಸುತ್ತಿದ್ದೆ.

ಯಲಬುರ್ಗಾ ಕಡೆಯ ನಮ್ಮ ಊರಲ್ಲಿ ಶೀಗಿ ಹುಣ್ಣಿಮೆಗೆ ಹಬ್ಬದ ಅಡುಗೆಯನ್ನು ಹೊಲದ ತುಂಬ ಎರಚಿ ಚರಗ ಚೆಲ್ಲುತ್ತಾರೆ. ಬೆಳೆ ಹೊತ್ತ ಭೂಮಿ ಬಸುರಿ, ಅದಕ್ಕೇ ಕಡುಬು, ರೊಟ್ಟಿ, ಪಲ್ಲೆಯ ಬಯಕೆ ಊಟ. ಒಂದು ವರ್ಷ ಹಬ್ಬದ ಮರುದಿನವೇ ಎಂಟನೇ ತರಗತಿಗೆ ಮಣ್ಣಿನ ಪಾಠವಿತ್ತು. ನನ್ನ ಕೋಣೆ ಸೋರುತ್ತಿದ್ದುದರಿಂದ ನನ್ನ ತರಗತಿಯ ಮಕ್ಕಳನ್ನೂ ಅಲ್ಲೇ ಕೂರಿಸಿ, ನಾನು ಹಿಂದೆ ಕೂತಿದ್ದೆ.

"ಮಣ್ಣಿನ ಬಗ್ಗೆ ಏನು ಗೊತ್ತೈತಿ?" ಎಂದು ಟೀಚರ್ ಕೇಳಿದರು. ಒಬ್ಬ ಹುಡುಗಿ ಎದ್ದು, "ಹೊಲ ಬಸುರಿ ಐತ್ರಿ" ಅಂದಳು. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಹುಡುಗಿ ತಲೆ ತಗ್ಗಿಸಿ ಕೂತುಬಿಟ್ಟಳು. ಅಪರೂಪಕ್ಕೆ ಬಾಯಿ ಬಿಟ್ಟ ಮಗು, ಇನ್ನು ವರ್ಷವಿಡೀ ಮಾತಾಡಲಿಕ್ಕಿಲ್ಲ ಎಂದು ನನಗೆ ಸಂಕಟವಾಯಿತು.

ಟೀಚರ್ ಬೋರ್ಡಿನ ನಡುವೆ ಗೆರೆ ಎಳೆದರು. "ಭಾಳ ಛಲೋ ಮಾತು ಹೇಳಿದಿ. ಈಗ ಪರೀಕ್ಷೆ ಮಾಡೂಣು. ಹೊಲ ಯಾವುದ್ರಾಗ ಬಸುರಿ ಹಂಗ ಐತಿ, ಎಡಕ್ಕ ಬರಿಯೂಣು. ಯಾವುದ್ರಾಗ ಇಲ್ಲ, ಬಲಕ್ಕ."

ನಕ್ಕವರೇ ಹೇಳತೊಡಗಿದರು. ಒಳಗೆ ಜೀವ ಬೆಳೆಯುತ್ತದೆ, ಗೊಬ್ಬರವೇ ಊಟ ಎಂದು ಎಡಭಾಗ ತುಂಬಿತು. ಹೊಲಕ್ಕೆ ನೋವಾಗುವುದಿಲ್ಲ ಎಂದು ಯಾರೋ ಬಲಕ್ಕೆ ಬರೆಸಲು ಹೋದರೆ, "ಆಗಂಗಿಲ್ಲ ಅಂತ ಹೆಂಗ ಗೊತ್ತು?" ಎಂದು ಟೀಚರ್ ಅದನ್ನೂ ಬಿಡಲಿಲ್ಲ. ರೂಪಕವನ್ನು ಹೀಗೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಆಗ ಆ ಹುಡುಗಿ ತಾನಾಗಿ ಎದ್ದಳು.

"ಟೀಚರ್, ಬಲಕ್ಕ ಇನ್ನೊಂದು ಬರೀರಿ. ಹಡದಾಕಿಗೆ ಬಾಣಂತನ ಮಾಡ್ತಾರ. ಹೊಲಕ್ಕ ಯಾರು ಮಾಡ್ತಾರ್ರಿ? ರಾಶಿ ಆದ ಕೂಡ್ಲೆ ಮತ್ತ ಬಿತ್ತತಾರ."

'ಬಾಣಂತನ ಇಲ್ಲ' ಎಂದು ಬಲಕ್ಕೆ ಬರೆದ ಟೀಚರ್, ಮಣ್ಣಿನ ಸತ್ವ ಕುಂದುವುದು ಹೀಗೆಯೇ ಎಂದು ಪಾಠಕ್ಕೆ ಬಂದರು. ಹುಡುಗಿ ಮಾತ್ರ ಬೋರ್ಡನ್ನೇ ನೋಡುತ್ತ ನಿಂತಿದ್ದಳು.

"ಬ್ಯಾಡ್ರಿ ಟೀಚರ್, ಅದನ್ನ ಎಡಕ್ಕ ಬರೀರಿ. ನಮ್ಮವ್ವ ತಮ್ಮನ್ನ ಹಡದು ತಿಂಗಳ ಆಗಿದ್ದಿಲ್ಲ, ಕಳೆ ತಗ್ಯಾಕ ಕೂಲಿಗಿ ಹೋದ್ಳರಿ."

ಟೀಚರ್ ಡಸ್ಟರ್ ಹುಡುಕಲಿಲ್ಲ. ಅಂಗೈಯಿಂದಲೇ ಆ ಸಾಲನ್ನು ಒರೆಸಿ ಎಡಕ್ಕೆ ಬರೆದರು.