ಗೂಟದಲ್ಲೇ ಉಳಿದ ಸೀಟಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಮೋಡದೊಳಗಿತ್ತು ಎಂದರೆ ನೀವು ನಗುತ್ತೀರಿ. ನಗಿ, ನನಗೇನು. ಸಾಸವಡ ಎಂಬ ಊರಿನಾಚೆ, ಬಸ್ಸಿಳಿದು ಅರ್ಧ ದಿನ ಹತ್ತಬೇಕಾದ ಗುಡ್ಡದ ಮೇಲೆ ಚಾರಣಿಗರು ತಂಗಲು ಒಂದು ಕಲ್ಲಿನ ಗುಡಿಸಲಿತ್ತು. ಯಾದಗಿರಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದ ಅಪ್ಪನೇ ಅದನ್ನು ಕಟ್ಟಿ, ಕಾವಲಿಗೆ ಅಲ್ಲೇ ನಿಂತಿದ್ದ. ಮಳೆಗಾಲದಲ್ಲಿ ಹಾಸಿಗೆಯೂ ಒದ್ದೆ, ಸೌದೆಯೂ ಒದ್ದೆ. ಅವ್ವ ಬಡಿಯುವ ಜೋಳದ ರೊಟ್ಟಿಗೂ ಹೊಗೆಯ ವಾಸನೆ.

ಮಂಜು ಇಳಿದರೆ ಅಂಗಳದಾಚೆ ಏನೂ ಕಾಣುತ್ತಿರಲಿಲ್ಲ. ಆಗ ದಾರಿ ತಪ್ಪಿದವರಿಗೆ ಕೇಳಲೆಂದು, ಬಾಗಿಲಲ್ಲಿ ತೂಗುಹಾಕಿದ್ದ ರೈಲು ಹಳಿಯ ತುಂಡನ್ನು ನಾನೂ ಅಕ್ಕನೂ ಬಡಿಯುತ್ತಿದ್ದೆವು. ಅವರನ್ನು ಹುಡುಕಲು ಹೋದ ಅಪ್ಪ ಸೀಟಿ ಊದಿ ಉತ್ತರ ಕೊಡುತ್ತಿದ್ದ.

ಒಂದು ದಿನ, ಬೆಳಿಗ್ಗೆ ಸುತ್ತಾಡಲು ಹೋದ ಇಬ್ಬರು ಕಾಲೇಜು ಹುಡುಗರು ಮಧ್ಯಾಹ್ನವಾದರೂ ಊಟಕ್ಕೆ ಬರಲಿಲ್ಲ. ಮಂಜು ದಟ್ಟವಾಗುತ್ತಿತ್ತು. ಅಪ್ಪ ಗೋಣಿಚೀಲ ತಲೆಗೆ ಹೊದ್ದು ಗಡಿಬಿಡಿಯಿಂದ ಹೊರಟ. ಸೀಟಿ ಗೂಟದಲ್ಲೇ ತೂಗುತ್ತಿರುವುದನ್ನು ಕಂಡ ಅಕ್ಕ ಕೂಗಲು ಬಾಯಿ ತೆರೆದಳು. ಅವ್ವ ಆ ಬಾಯಿಗೆ ಕೈ ಅಡ್ಡ ಹಿಡಿದಳು.

"ಹೊಂಟವರನ್ನ ಹಿಂದಿಂದ ಕೂಗಬಾರ್ದು. ಅಪಶಕುನ ಅದ."

ಅಕ್ಕ ಸೀಟಿ ಹಿಡಿದು ಓಡಿದಳು. ಅಷ್ಟರಲ್ಲಿ ಅಪ್ಪ ಮಂಜಿನಲ್ಲಿ ಕಾಣದಾಗಿದ್ದ. ಸೀಟಿ ಮತ್ತೆ ಗೂಟಕ್ಕೇ ಬಂತು.

ನಾವಿಬ್ಬರೂ ಸರದಿಯಂತೆ ಹಳಿ ಬಡಿದೆವು. ಬಡಿಯುವುದು, ನಿಲ್ಲಿಸಿ ಕಿವಿಗೊಡುವುದು. ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಅಕ್ಕನ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಅವ್ವ ಒಲೆಯ ಮುಂದೆ ಕೂತು ಊರಿನ ದೇವರನ್ನೆಲ್ಲ ಕರೆಯುತ್ತಿದ್ದಳು. ಅಂಥ ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ.

ಸಂಜೆಗೆ ಆ ಹುಡುಗರೇ ಬಂದರು, ಅಪ್ಪನನ್ನು ಕಂಬಳಿಯಲ್ಲಿ ಹೊತ್ತುಕೊಂಡು. ನಮ್ಮ ಹಳಿಯ ಸದ್ದು ಹಿಡಿದು ಬರುವಾಗ, ಕೊರಕಲಿಗೆ ಜಾರಿ ಕಾಲು ಮುರಿದುಕೊಂಡಿದ್ದ ಅಪ್ಪ ಅವರ ಕಣ್ಣಿಗೆ ಬಿದ್ದಿದ್ದ.

"ಹಳಿ ಸದ್ದು ಕೇಳಸ್ತಿತ್ತು. ಒದರಿ ಒದರಿ ನನ್ನ ಗಂಟಲ ಬಿತ್ತು, ನಿಮಗ ಕೇಳಲಿಲ್ಲ," ಎಂದ ಅಪ್ಪ. ಗೂಟದ ಕಡೆ ನೋಡಿ, "ಒಮ್ಮೆ ಕೂಗಿದ್ರ ಹೊಳ್ಳಿ ಬರ್ತಿದ್ನಲ್ಲ," ಎಂದ.

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆ ಕಾಲು ಮತ್ತೆ ಗುಡ್ಡ ಹತ್ತಲಿಲ್ಲ. ನಾವು ಗುಡಿಸಲು ಬಿಟ್ಟು ಕೆಳಗಿನ ಪಟ್ಟಣಕ್ಕೆ, ಈ ಬಿಬವೇವಾಡಿಗೆ ಇಳಿದು ಬಂದೆವು.

ನಿಮಗೆ ಈಗ ಮಂಜೂ ಇಲ್ಲ, ಕೊರಕಲೂ ಇಲ್ಲ, ಜೇಬಿನಲ್ಲೇ ಫೋನು. ನೀವು ಲಿಫ್ಟಿಗೆ ಹೋಗುವಷ್ಟರಲ್ಲಿ ನಾನು ಬಾಗಿಲಲ್ಲಿ ನಿಂತು "ಛತ್ರಿ! ಡಬ್ಬಿ!" ಎಂದು ಕೂಗಿದರೆ ನಿಮಗೆ ನಾಚಿಕೆ. "ಅಜ್ಜಿ, ಒಂದು ಫೋನ್ ಮಾಡಬಾರದಾ?" ಎಂದು ಸಿಡುಕುತ್ತೀರಿ.

ಮಾಡಬಹುದು. ಆದರೂ ನಾನು ಕೂಗುವವಳೇ. ಮರೆತದ್ದೇನೂ ಇಲ್ಲದ ದಿನವೂ ಕೂಗುತ್ತೇನೆ. ನೀವು ಒಮ್ಮೆ ತಿರುಗಿ ನೋಡಿದರೆ ಸಾಕು.