ಮೂರನೇ ಮಹಡಿಯಿಂದ ಇಳಿದುಹೋದ ವಿದ್ಯಾ

ಇಲ್ಲ... ನನಗಿನ್ನೂ ನಂಬಲಾಗುತ್ತಿಲ್ಲ.
ಬೆಳಿಗ್ಗೆ ಏಳಕ್ಕೆ "ತಿಂಡಿ ಆಯ್ತಾ?" ಎಂದು ಮೆಸೇಜ್ ಮಾಡಿದವಳು...
ಮಧ್ಯಾಹ್ನಕ್ಕೆ ಇಲ್ಲ ಎಂದರೆ?

ವಿದ್ಯಾ ನಮ್ಮ ಐರೋಲಿ ಆಫೀಸಿನವಳು. ಉಡುಪಿ ಕಡೆಯ ಹುಡುಗಿ.
ಆರು ವರ್ಷ ಪಕ್ಕಪಕ್ಕದ ಸೀಟು.

ಮದುವೆಯಾಗಿ ಏಳು ವರ್ಷದ ಮೇಲೆ ಬಸುರಿ...
ಮೂರನೇ ತಿಂಗಳ ಸ್ಕ್ಯಾನಿನಲ್ಲಿ ಮಗುವಿನ ಜೊತೆ ಫೈಬ್ರಾಯ್ಡೂ ಕಂಡಿತು.
ಗರ್ಭಕೋಶದ ಗಡ್ಡೆ. ಮೋಸಂಬಿಯಷ್ಟು. ಮಗು ಹೊರಬರುವ ದಾರಿಗೇ ಅಡ್ಡ.
ಈಗ ಮುಟ್ಟುವ ಹಾಗಿಲ್ಲ, ಸಿಸೇರಿಯನ್ನೇ ಗತಿ, ಅಲ್ಲಿಯವರೆಗೆ ಕಾಯಬೇಕು ಎಂದರು ಡಾಕ್ಟರ್.
ಐದನೇ ತಿಂಗಳಲ್ಲಿ ನೋವು, ಬ್ಲೀಡಿಂಗ್...
ಬೆಡ್ ರೆಸ್ಟ್.

ಲಿಫ್ಟ್ ಇಲ್ಲದ ಬಿಲ್ಡಿಂಗ್. ಮೂರನೇ ಮಹಡಿ.
ಕಿಟಕಿ ತೆಗೆದರೆ ಎದುರು ಬಿಲ್ಡಿಂಗಿನ ಗೋಡೆ.
ಮೂರು ತಿಂಗಳು ಅಲ್ಲೇ.
"ಒಂದು ರೂಮ್ ಕಿಚನ್, ಇಬ್ರು ಟೆನೆಂಟ್ ಮಾರಾಯ್ತಿ... ಒಬ್ರಿಗೂ ಖಾಲಿ ಮಾಡಿ ಅಂತ ಹೇಳ್ಲಿಕ್ಕೆ ಆಗುದಿಲ್ಲ" ಎಂದು ಹೊಟ್ಟೆ ಸವರಿಕೊಂಡು ನಗುತ್ತಿದ್ದಳು.

ವಿದ್ಯಾ...
ಕಳೆದ ಶನಿವಾರ ನೀನು ಕೇಳಿದ್ದು ಒಂದೇ.
"ನನ್ನನ್ನು ಒಮ್ಮೆ ಕೆಳಗೆ ಕರ್ಕೊಂಡು ಹೋಗು. ಐದೇ ನಿಮಿಷ. ಗೇಟಿನ ಹತ್ರ ನಿಂತು ಬರುವಾ."
"ಸುಮ್ನಿರೇ, ಡಾಕ್ಟರ್ ಏನಂದಿದಾರೆ?" ಎಂದು ಗದರಿದೆ.
ನೀನು ಮಗ್ಗುಲು ಬದಲಿಸಿ ಮಲಗಿದೆ.
ನಾನು ಹೇಳಿದ್ದು ಸರಿಯೇ ಇತ್ತು ಕಣೇ...


ಇವತ್ತು, ದಿನ ತುಂಬುವ ಮೊದಲೇ, ನೋವು ಬಂತು.
ಅಕ್ಕಪಕ್ಕದವರು ನಿನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದರಂತೆ.
ಗೇಟಿನ ಹತ್ತಿರ "ಒಂದು ನಿಮಿಷ ನಿಲ್ಲಿಸಿ" ಎಂದೆಯಂತೆ.
ನಿಲ್ಲಿಸುವ ಧೈರ್ಯ ಯಾರಿಗೂ ಆಗಲಿಲ್ಲ.

ಸುದ್ದಿ ತಿಳಿದು ಆಸ್ಪತ್ರೆಗೆ ಹೊರಟ ನಾನು ಮಾಜಿವಾಡಾ ಸಿಗ್ನಲ್ಲಿನಲ್ಲಿ.
ಮುಂದೆ ಟ್ರಕ್, ಹಿಂದೆ ಟ್ರಕ್. ರಿಕ್ಷಾ ಅಲುಗುತ್ತಿಲ್ಲ.
ನಿನ್ನ ಗಂಡ ಪ್ರಸಾದ್ ಫೋನ್ ಮಾಡಿದರು.
"ಮಗು ಹುಷಾರುಂಟು, ಹೆಣ್ಣು. ಆದ್ರೆ ವಿದ್ಯಾನಿಗೆ ರಕ್ತ ನಿಲ್ಲುದಿಲ್ಲ... ಗಡ್ಡೆ ಇದ್ದದ್ರಿಂದ ಗರ್ಭಕೋಶ ಮುದುಡುದಿಲ್ಲ ಅಂತ ಹೇಳ್ತಾರೆ. ಬೇಗ ಬನ್ನಿ."
"ಭಯ್ಯಾ, ಜಲ್ದೀ..." ಎಂದೆ.
"ಉಡ್ ಕೇ ಜಾವೂಂ ಕ್ಯಾ ಮೇಡಮ್?" ಹಾರಿಕೊಂಡು ಹೋಗಲಾ ಎಂದ ರಿಕ್ಷಾದವನು.
ಇಳಿದು ಓಡೋಣವೆಂದರೆ ಎಷ್ಟು ದೂರ ಓಡಲಿ...

ಗರ್ಭಕೋಶವನ್ನೇ ತೆಗೆದರು. ಬಾಟಲಿ ಮೇಲೆ ಬಾಟಲಿ ರಕ್ತ ಕೊಟ್ಟರು.
ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಗೆಳೆಯರೇ, ಮಗು ಗಾಜಿನ ಪೆಟ್ಟಿಗೆಯಲ್ಲಿದೆ. ಚೆನ್ನಾಗಿ ಉಸಿರಾಡುತ್ತಿದೆ.
ಪ್ರಸಾದ್ ಹೊರಗೆ ಬೆಂಚಿನ ಮೇಲಿದ್ದಾರೆ. ಒಳಗೆ ಹೋಗಿ ನೋಡಿ ಎಂದೆ.
"ಹೋಗಿ ಮಗಳಿಗೆ ಎಂಥ ಹೇಳುದು ನಾನು?" ಎಂದರು.


ಹೋಗಿ ಬಾ ವಿದ್ಯಾ.
ನಿನ್ನ ಜೀವಕ್ಕೆ ಗೋಡೆಯಿಲ್ಲದ ಬಯಲು ಸಿಗಲಿ... ನೆಮ್ಮದಿ ಸಿಗಲಿ.
🙏